ಮಕರಂದದ ಫೀಡರ್ ಕೈಕೊಟ್ಟಾಗ: ದೋಷ ಎಲ್ಲಿದೆ ಅಂತ ಹುಡುಕುವುದು ಹೇಗೆ

ಮಕರಂದ ಕುಡಿಯುವ ಹಕ್ಕಿಗಳಿಗೆಂದು ಹಿತ್ತಲಿನಲ್ಲಿ ಸಕ್ಕರೆ ನೀರಿನ ಫೀಡರ್, ಅಂದರೆ ಹಕ್ಕಿ ಕೊಕ್ಕು ಹಾಕಿ ಕುಡಿಯುವ ತೂತುಗಳಿರುವ ಪಾತ್ರೆ, ತೂಗುಹಾಕಿದವರ ದೂರುಗಳು ಹತ್ತಾರು. ಸೋರುತ್ತದೆ, ಹುಳಿ ಬರುತ್ತದೆ, ಇರುವೆ ಮುತ್ತುತ್ತದೆ, ಹಕ್ಕಿ ಮಾತ್ರ ಬರುವುದಿಲ್ಲ. ಒಂದೊಂದಾಗಿ ಬಿಡಿಸುತ್ತಾ ಹೋದರೆ ಬಹುಪಾಲು ದೂರುಗಳ ಬೇರು ಒಂದೇ ಕಡೆ ಸಿಗುತ್ತದೆ: ಹಕ್ಕಿಗಳು ಎರಡು ದಿನದಲ್ಲಿ ಕುಡಿದು ಮುಗಿಸುವುದಕ್ಕಿಂತ ಜಾಸ್ತಿ ನೀರು ಬಾಟಲಿಯಲ್ಲಿದೆ. ಉಳಿದ ನೀರು ಹುಳಿಯಾಗುತ್ತದೆ, ಬಿಸಿಲಿಗೆ ಸೋರುತ್ತದೆ, ಸೋರಿದ್ದಕ್ಕೆ ಹುಳಗಳು ಬರುತ್ತವೆ, ಹುಳ ಮುತ್ತಿದ ಕಡೆ ಹಕ್ಕಿ ಸುಳಿಯುವುದಿಲ್ಲ. ದೊಡ್ಡ ಬಾಟಲಿ ತಂದರೆ ಪದೇ ಪದೇ ತುಂಬುವ ಕೆಲಸ ತಪ್ಪುತ್ತದೆ ಅಂತ ಅನ್ನಿಸುವುದು ಸಹಜ. ನಿಜಕ್ಕೂ ಕೆಲಸ ಹೆಚ್ಚಾಗುವುದು ಅಲ್ಲಿಂದಲೇ.

ಇಲ್ಲಿ ಹೇಳುವುದು ಅಮೆರಿಕ ಖಂಡಗಳ ಹಮ್ಮಿಂಗ್‌ಬರ್ಡ್‌ಗೂ ಹೊಂದುತ್ತದೆ, ಆಫ್ರಿಕಾ ಮತ್ತು ಏಷ್ಯಾದ ಸೂರಕ್ಕಿಗೂ ಹೊಂದುತ್ತದೆ. ವ್ಯತ್ಯಾಸ ಇರುವ ಕಡೆ ಬೇರೆಯಾಗಿಯೇ ಹೇಳಿದ್ದೇನೆ.

ಮೊದಲು ಒಂದು ದಿನ ಸುಮ್ನೆ ನೋಡಿ

ಏನೋ ಸರಿಯಿಲ್ಲ ಅಂತ ಗೊತ್ತಾದ ಕೂಡಲೇ ಫೀಡರ್ ಜಾಗ ಬದಲಿಸಿ, ಸಕ್ಕರೆ ಹೆಚ್ಚಿಸಿ, ವಾಷರ್ ಬಿಗಿ ಮಾಡಿ, ಎಲ್ಲವನ್ನೂ ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದೇ ಇಲ್ಲ. ಮುಂದಿನ ಸಲ ಮತ್ತೆ ಅದೇ ಪರದಾಟ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ.

ನೋಡುವುದಕ್ಕೆ ಬೇಕಾದ ಸಾಮಾನು ಬಹಳ ಕಡಿಮೆ. ಬಾಟಲಿಯ ಹೊರಗೆ ನೀರಿನ ಮಟ್ಟಕ್ಕೆ ಸರಿಯಾಗಿ ಒಂದು ತುಂಡು ಟೇಪ್ ಅಂಟಿಸಿ. ಫೀಡರ್‌ನ ನೇರ ಕೆಳಗೆ ಬಿಳಿ ತಟ್ಟೆ ಇಡಿ. ಬೆಳಿಗ್ಗೆ, ನಡು ಮಧ್ಯಾಹ್ನ, ಕತ್ತಲಾದ ಮೇಲೆ, ಮರುದಿನ ಬೆಳಕು ಹರಿಯುವಾಗ ಮಟ್ಟ ಎಷ್ಟು ಇಳಿದಿದೆ ಅಂತ ಗುರುತು ಹಾಕಿ. ಇಷ್ಟರಿಂದಲೇ ಅರ್ಧ ಉತ್ತರ ಸಿಗುತ್ತದೆ.

ಹಗಲು ಮಟ್ಟ ಇಳಿದಿದೆ, ತಟ್ಟೆ ಒಣಗಿದೆ ಅಂದರೆ ಯಾರೋ ಕುಡಿಯುತ್ತಿದ್ದಾರೆ. ನೀವು ನೋಡದ ಹೊತ್ತಿನಲ್ಲಿ ಹಕ್ಕಿ ಬಂದು ಹೋಗುತ್ತಿರಬಹುದು. ಮುಂಜಾನೆ ಮತ್ತು ಕತ್ತಲಾಗುವ ಮುಂಚಿನ ಹೊತ್ತಿನಲ್ಲಿ ಅವುಗಳ ಓಡಾಟ ಜೋರಾಗಿರುತ್ತದೆ. ತಟ್ಟೆಯಲ್ಲಿ ಅಂಟು ಕಲೆ ಇದ್ದರೆ ಸೋರಿಕೆ. ರಾತ್ರಿ ಮಾತ್ರ ಮಟ್ಟ ಇಳಿಯುತ್ತದೆ ಅಂದರೆ ಅದು ಹಕ್ಕಿಯಲ್ಲ. ಈ ಹಕ್ಕಿಗಳು ರಾತ್ರಿ ಕುಡಿಯುವುದಿಲ್ಲ. ಅಮೆರಿಕದ ನೈರುತ್ಯ ಭಾಗ ಮತ್ತು ಮೆಕ್ಸಿಕೋದಲ್ಲಿ ಮಕರಂದ ಕುಡಿಯುವ ಬಾವಲಿಗಳು ಒಂದೇ ರಾತ್ರಿಯಲ್ಲಿ ಬಾಟಲಿ ಖಾಲಿ ಮಾಡಿಬಿಡುತ್ತವೆ. ಬೇರೆ ಕಡೆ ರಕೂನ್, ಇಲಿಗಳಂಥ ಮರ ಹತ್ತುವ ಪ್ರಾಣಿಗಳು ಇರಬಹುದು. ಸಂಜೆ ಫೀಡರ್ ಒಳಗೆ ತಂದಿಟ್ಟು ಬೆಳಕು ಹರಿಯುವ ಮುಂಚೆ ಮತ್ತೆ ತೂಗುಹಾಕುವುದೇ ಇದಕ್ಕೆ ಮದ್ದು. ಬಾವಲಿಗಳು ಕುಡಿದರೆ ಬೇಸರವಿಲ್ಲ ಅನ್ನುವವರು ಹಾಗೇ ಬಿಡಬಹುದು. ಅವೂ ಹೂವಿಗೆ ಪರಾಗ ಹಂಚುವ ಜೀವಗಳೇ ಅಲ್ವಾ.

ಸೋರುತ್ತಿದೆ

ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಏಕೆಂದರೆ ಸೋರಿಕೆ ಅಂದ ಕೂಡಲೇ ಎಲ್ಲರೂ ವಾಷರ್ ಮೇಲೆ ಅನುಮಾನಪಡುತ್ತಾರೆ. ಎಷ್ಟೋ ಸಲ ವಾಷರ್ ಸರಿಯಾಗಿಯೇ ಇರುತ್ತದೆ.

ಬಾಟಲಿಯನ್ನು ತಲೆಕೆಳಗಾಗಿ ತಿರುಗಿಸಿ ಹಾಕುವ ಫೀಡರ್‌ನಲ್ಲಿ ನೀರನ್ನು ಹಿಡಿದಿಡುವುದು ಮುಚ್ಚಳವಲ್ಲ, ಗಾಳಿಯ ಒತ್ತಡ. ಬಾಟಲಿಯ ಮೇಲ್ಭಾಗದಲ್ಲಿ ಸಿಕ್ಕಿಬಿದ್ದ ಗಾಳಿಯ ಒತ್ತಡ ಹೊರಗಿನದಕ್ಕಿಂತ ತುಸು ಕಡಿಮೆ ಇರುತ್ತದೆ. ಹಾಗಾಗಿ ಹೊರಗಿನ ಗಾಳಿ ಕೆಳಗಿನ ತೂತುಗಳಿಂದ ನೀರನ್ನು ಮೇಲಕ್ಕೆ ಒತ್ತಿ ಹಿಡಿದಿರುತ್ತದೆ. ಹಕ್ಕಿ ಕುಡಿದು ತಳದ ಮಟ್ಟ ಇಳಿದಾಗ ಒಂದು ಗುಳ್ಳೆ ಗಾಳಿ ಒಳಗೆ ಹೋಗುತ್ತದೆ, ಅಷ್ಟೇ ನೀರು ಕೆಳಗೆ ಬರುತ್ತದೆ.

ಈ ಏರ್ಪಾಡು ಎರಡು ರೀತಿಯಲ್ಲಿ ಕೆಡುತ್ತದೆ.

ಮೊದಲನೆಯದು ಬಿಸಿಲು. ಒಳಗಿನ ಗಾಳಿ ಕಾದರೆ ಹಿಗ್ಗುತ್ತದೆ, ನೀರನ್ನು ಕೆಳಗೆ ತಳ್ಳುತ್ತದೆ. ಒಂದು ಲೀಟರಿನ ಬಾಟಲಿ ಅರ್ಧ ಖಾಲಿಯಾಗಿದೆ, ಒಳಗೆ 500 ಮಿಲಿಲೀಟರ್ ಗಾಳಿ ಇದೆ ಅಂದುಕೊಳ್ಳಿ. ಬೆಳಿಗ್ಗೆ 20 ಡಿಗ್ರಿ ಇದ್ದದ್ದು ಮಧ್ಯಾಹ್ನ 35 ಡಿಗ್ರಿಗೆ ಏರಿದರೆ ಗಾಳಿ ಹಿಗ್ಗುವುದರಿಂದಲೇ ಸುಮಾರು 25 ಮಿಲಿಲೀಟರ್ ನೀರು ಹೊರಗೆ ಬರುತ್ತದೆ. ನೀರಾವಿಯ ಒತ್ತಡವೂ ಸೇರಿದರೆ ಇನ್ನೂ ಜಾಸ್ತಿ. ಎಷ್ಟು ಖಾಲಿಯೋ ಅಷ್ಟು ಸೋರಿಕೆ. ದೊಡ್ಡ ಬಾಟಲಿಗೆ ಸ್ವಲ್ಪವೇ ಪಾಕ (ಸಕ್ಕರೆ ನೀರು) ಹಾಕಿ ಉಳಿಸೋಣ ಅನ್ನುವ ಉಪಾಯ ಇಲ್ಲಿ ತಿರುಗುಬಾಣವಾಗುತ್ತದೆ. ಚಿಕ್ಕ ಬಾಟಲಿ ತಂದು ಬಾಯಿತನಕ ತುಂಬುವುದೇ ಸರಿ.

ಎರಡನೆಯದು ಬೇಡದ ಕಡೆಯಿಂದ ಗಾಳಿ ಒಳನುಗ್ಗುವುದು. ವಾಷರ್ ಗಟ್ಟಿಯಾಗಿ ಬಿರುಕುಬಿಟ್ಟಿರಬಹುದು, ಮುಚ್ಚಳದ ತಿರುಪು ಅಡ್ಡಾದಿಡ್ಡಿ ಕೂತಿರಬಹುದು, ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗದಲ್ಲಿ ಕೂದಲೆಳೆಯಂಥ ಸೀಳು ಇರಬಹುದು. ಇಂಥ ಸೋರಿಕೆಗೆ ಹೊತ್ತುಗೊತ್ತಿಲ್ಲ. ಬಾಟಲಿ ಖಾಲಿಯಾಗುವ ತನಕ ತೊಟ್ಟಿಕ್ಕುತ್ತದೆ.

ಎರಡರಲ್ಲಿ ಯಾವುದು ಅಂತ ಪತ್ತೆ ಮಾಡುವುದು ಸುಲಭ. ಫೀಡರ್‌ಗೆ ಬರೀ ನೀರು ತುಂಬಿ ಮನೆಯೊಳಗೆ, ಬಿಸಿಲು ಬೀಳದ ಕಡೆ, ತಟ್ಟೆಯ ಮೇಲೆ ಒಂದು ರಾತ್ರಿ ತೂಗುಹಾಕಿ. ತಿರುಗಿಸಿದ ಕೂಡಲೇ ನಾಲ್ಕಾರು ಹನಿ ಬಿದ್ದು ನಿಂತರೆ ತೊಂದರೆಯಿಲ್ಲ, ಅದು ಒತ್ತಡ ಸರಿಹೊಂದುವ ಲಕ್ಷಣ. ಬೆಳಿಗ್ಗೆ ತಟ್ಟೆಯಲ್ಲಿ ಅಷ್ಟೇ ಇದ್ದರೆ ಫೀಡರ್ ಚೆನ್ನಾಗಿದೆ, ನೆರಳಿಗೆ ಹಾಕಿ. ತಟ್ಟೆ ತುಂಬಿದ್ದರೆ ವಾಷರ್ ತೆಗೆದು ನೋಡಿ. ವಾಷರ್ ಕೂರುವ ಜಾಗದಲ್ಲಿ ಸಕ್ಕರೆ ಹರಳುಗಟ್ಟಿದರೂ ಅದು ಸರಿಯಾಗಿ ಕೂರುವುದಿಲ್ಲ. ಬಿಸಿ ನೀರಲ್ಲಿ ತೊಳೆದು ಇನ್ನೊಮ್ಮೆ ಪರೀಕ್ಷೆ ಮಾಡಿ, ಆಮೇಲೆ ಹೊಸ ವಾಷರ್ ಯೋಚನೆ ಮಾಡಿ. ಬಾಟಲಿಯೇ ಸೀಳಿದ್ದರೆ ಅಂಟು ಹಚ್ಚಿ ಉಳಿಸಿಕೊಳ್ಳುವ ಸಾಹಸ ಬೇಡ. ಆ ಅಂಟು ಕರಗಿ ಹಕ್ಕಿಯ ಹೊಟ್ಟೆಗೆ ಹೋಗುವುದೋ ಇಲ್ಲವೋ ಯಾರಿಗೆ ಗೊತ್ತು.

ಫ್ರಿಜ್‌ನಿಂದ ತೆಗೆದ ತಣ್ಣನೆಯ ಪಾಕವನ್ನು ನೇರ ತುಂಬಿ ಹೊರಗೆ ಹಾಕಿದಾಗಲೂ ಸ್ವಲ್ಪ ಹೊತ್ತು ತೊಟ್ಟಿಕ್ಕುತ್ತದೆ. ಪಾಕ ಹೊರಗಿನ ಬಿಸಿಗೆ ಹೊಂದಿಕೊಂಡ ಮೇಲೆ ತುಂಬಿ. ಫೀಡರ್ ಓರೆಯಾಗಿ ತೂಗುತ್ತಿದ್ದರೆ ಒಂದೇ ಬದಿಯ ತೂತಿನಿಂದ ಹನಿಯುತ್ತದೆ. ಗಾಳಿಗೆ ಹೊಯ್ದಾಡಿದರೂ ಅಷ್ಟೇ, ಭಾರದ ಹಕ್ಕಿಯೋ ಅಳಿಲೋ ಬಂದು ಕೂತು ತೂಗಾಡಿಸಿದರೂ ಅಷ್ಟೇ.

ಇಷ್ಟೆಲ್ಲ ರಗಳೆ ಬೇಡ ಅನ್ನುವವರಿಗೆ ತಟ್ಟೆ ಮಾದರಿಯ ಫೀಡರ್ ಇದೆ. ಅದರಲ್ಲಿ ಪಾಕ ಕೆಳಗಿನ ಬಟ್ಟಲಿನಲ್ಲಿ ಇರುತ್ತದೆ, ತೂತುಗಳು ಮೇಲಿನ ಮುಚ್ಚಳದಲ್ಲಿ. ಒತ್ತಡದ ಆಟವೇ ಇಲ್ಲ, ಸೋರುವುದಕ್ಕೆ ದಾರಿಯೂ ಇಲ್ಲ. ತೊಳೆಯುವುದೂ ಸುಲಭ. ನನ್ನನ್ನು ಕೇಳಿದರೆ ಹೊಸಬರು ಇದರಿಂದಲೇ ಶುರು ಮಾಡುವುದು ಒಳ್ಳೆಯದು.

ಪಾಕ ಕಲಕಾಗಿದೆ, ಹುಳಿ ವಾಸನೆ, ಕಪ್ಪು ಚುಕ್ಕೆ

ಹೊಸದಾಗಿ ಮಾಡಿದ ಪಾಕ ತಿಳಿನೀರಿನ ಹಾಗೆ ಕಾಣಬೇಕು. ಮಬ್ಬಾಗಿ ಕಂಡರೆ ಅದು ಯಾವಾಗಿನಿಂದ ಅಂತ ಕೇಳಿಕೊಳ್ಳಿ. ಮಾಡಿದ ಗಳಿಗೆಯಲ್ಲೇ ಮಬ್ಬಾಗಿದ್ದರೆ ಸಕ್ಕರೆ ಪೂರ್ತಿ ಕರಗಿಲ್ಲ, ಇಲ್ಲವೇ ನೀರು ಗಡಸು. ಅದು ಕೆಟ್ಟಿರುವುದರ ಗುರುತಲ್ಲ. ತಿಳಿಯಾಗಿದ್ದದ್ದು ಒಂದೆರಡು ದಿನದಲ್ಲಿ ಮಬ್ಬಾಯಿತು ಅಂದರೆ ಸೂಕ್ಷ್ಮಜೀವಿಗಳು ಬೆಳೆದಿವೆ. ಬಿಳಿ ಎಳೆಗಳು ತೇಲುವುದು, ತೂತಿನ ಸುತ್ತ ಕಪ್ಪು ಬೂಷ್ಟು, ಹೆಂಡದ ಹಾಗೆ ಹುಳಿ ವಾಸನೆ, ಇವೆಲ್ಲ ಮುಂದಿನ ಹಂತ. ಆ ಪಾಕವನ್ನು ಚೆಲ್ಲಬೇಕು. ಇದಕ್ಕೆ ಹೊಸ ಪಾಕ ಬೆರೆಸಿದರೆ ಸಾಕಲ್ಲ ಅಂತ ಯೋಚಿಸಲೇಬೇಡಿ. ಹಳೆಯದರಲ್ಲಿರುವ ಹುದುಗು ಹೊಸದನ್ನೂ ಬೇಗ ಕೆಡಿಸುತ್ತದೆ.

ಗುಳ್ಳೆಗಳ ವಿಷಯದಲ್ಲಿ ಮಾತ್ರ ಗೊಂದಲ ಸಾಮಾನ್ಯ. ತಣ್ಣನೆಯ ಪಾಕ ಬೆಚ್ಚಗಾಗುವಾಗ ಗಾಜಿಗೆ ಅಂಟಿಕೊಂಡು ಸಣ್ಣ ಗುಳ್ಳೆಗಳು ಮೂಡುತ್ತವೆ. ನೀರಿನಲ್ಲಿ ಕರಗಿದ್ದ ಗಾಳಿ ಅದು, ಹೆದರಬೇಕಿಲ್ಲ. ಒಂದೇ ಸಮನೆ ಮೇಲೇಳುತ್ತಾ ನೊರೆ ಕಟ್ಟುವ ಗುಳ್ಳೆ ಹುದುಗಿನದು. ಅನುಮಾನ ಬಂದರೆ ಮುಚ್ಚಳ ಬಿಚ್ಚಿ ಮೂಸಿ ನೋಡಿ. ಮೂಗು ತಪ್ಪು ಹೇಳುವುದಿಲ್ಲ.

ಕುದಿಸಿ ಮಾಡಿದರೂ ಯಾಕೆ ಕೆಡುತ್ತದೆ ಅನ್ನುವ ಪ್ರಶ್ನೆ ಬರುತ್ತದೆ. ಕುದಿಸಿದರೆ ಆ ಹೊತ್ತಿಗೆ ನೀರಿನಲ್ಲಿದ್ದ ಜೀವಿಗಳು ಸಾಯುತ್ತವೆ, ನಿಜ. ಆದರೆ ಮೊದಲ ಹಕ್ಕಿ ಕೊಕ್ಕು ಅದ್ದಿದ ಕೂಡಲೇ ಹೊಸವು ಬಂದು ಸೇರುತ್ತವೆ. ಹಾಗಾಗಿ ಕುದಿಸುವುದು ಕಡ್ಡಾಯವಲ್ಲ. ಬಿಸಿ ನೀರಾದರೆ ಸಕ್ಕರೆ ಬೇಗ ಕರಗುತ್ತದೆ ಅನ್ನುವುದೇ ಮುಖ್ಯ ಲಾಭ. ಪಾಕವನ್ನು ಕಾಪಾಡುವುದು ಬೇಗ ಬೇಗ ಬದಲಿಸುವುದರಿಂದ ಮಾತ್ರ. ಬಿಸಿಲು 30 ಡಿಗ್ರಿ ದಾಟಿದರೆ ದಿನಕ್ಕೊಮ್ಮೆ, ತಪ್ಪಿದರೆ ಎರಡು ದಿನಕ್ಕೊಮ್ಮೆ. 20ರಿಂದ 25ರ ಆಸುಪಾಸಿನಲ್ಲಿ ಮೂರು ದಿನಕ್ಕೊಮ್ಮೆ. ಚಳಿಯಲ್ಲಿ ಐದಾರು ದಿನ ತಡೆಯುತ್ತದೆ. ಹಕ್ಕಿ ಕುಡಿದಿಲ್ಲ, ಹಾಗೇ ತುಂಬಿದೆ ಅನ್ನುವ ಕಾರಣಕ್ಕೆ ಬಿಡಬಾರದು. ಹೆಚ್ಚುವರಿ ಪಾಕವನ್ನು ಶುದ್ಧ ಬಾಟಲಿಯಲ್ಲಿ ಫ್ರಿಜ್‌ನಲ್ಲಿಟ್ಟರೆ ಒಂದೆರಡು ವಾರ ಇರುತ್ತದೆ. ಅಷ್ಟರಲ್ಲೇ ಮಬ್ಬಾದರೆ ಅದನ್ನೂ ಚೆಲ್ಲಿ.

ಬದಲಿಸಿದ ಮರುದಿನವೇ ಮತ್ತೆ ಮಬ್ಬಾಗುತ್ತಿದ್ದರೆ ದೋಷ ಪಾಕದ್ದಲ್ಲ, ಫೀಡರ್‌ದು. ಒಳಗೆಲ್ಲೋ ಹಳೆಯ ಬೂಷ್ಟು ಕೂತಿದೆ. ಬಾಟಲಿಯ ಕತ್ತು, ತಿರುಪಿನ ಸಂದು, ವಾಷರ್‌ನ ಅಡಿ, ಪ್ಲಾಸ್ಟಿಕ್ ಹೂವಿನ ಹಿಂಬದಿ, ಇವು ಮೊದಲು ನೋಡಬೇಕಾದ ಜಾಗಗಳು. ಎಲ್ಲವನ್ನೂ ಬಿಚ್ಚಿ. ಬಿಚ್ಚಲು ಬಾರದ ಫೀಡರ್ ಇದ್ದರೆ ಅದನ್ನು ಬಳಸುವುದನ್ನೇ ಬಿಡುವುದು ವಾಸಿ. ಪ್ರತಿ ಸಲ ತುಂಬುವಾಗ ಬಿಸಿ ನೀರು ಮತ್ತು ಬಾಟಲಿ ಬ್ರಷ್ ಸಾಕು. ತೂತುಗಳಿಗೆ ಸಣ್ಣ ಬ್ರಷ್ ಬೇಕು. ಜಿಡ್ಡು ಹಿಡಿದಿದ್ದರೆ ಒಂದು ಪಾಲು ಬಿಳಿ ವಿನೆಗರ್‌ಗೆ ಎರಡು ಪಾಲು ನೀರು ಬೆರೆಸಿ ನೆನೆಸಿಡಿ.

ಕಪ್ಪು ಬೂಷ್ಟು ಬಗ್ಗದಿದ್ದರೆ ಬಟ್ಟೆಗೆ ಬಳಸುವ, ವಾಸನೆ ಬೆರೆಸದ ಬ್ಲೀಚ್. ಒಂದು ಪಾಲಿಗೆ ಒಂಬತ್ತು ಪಾಲು ನೀರು, ಹತ್ತು ನಿಮಿಷ ನೆನೆಸಿ, ವಾಸನೆ ಪೂರ್ತಿ ಹೋಗುವ ತನಕ ಹರಿಯುವ ನೀರಲ್ಲಿ ಜಾಲಿಸಿ, ಒಣಗಿಸಿ. ವಿನೆಗರ್ ಮತ್ತು ಬ್ಲೀಚ್ ಎರಡನ್ನೂ ಎಂದೂ ಒಟ್ಟಿಗೆ ಹಾಕಬೇಡಿ. ಅದರಿಂದ ಕ್ಲೋರಿನ್ ಅನಿಲ ಏಳುತ್ತದೆ, ಅದು ನಿಮಗೇ ವಿಷ.

ಪಾಕದ ಅಳತೆ ಮತ್ತು ಸಕ್ಕರೆ

ಒಂದು ಅಳತೆ ಬಿಳಿ ಸಕ್ಕರೆಗೆ ನಾಲ್ಕು ಅಳತೆ ನೀರು. ಅದೇ ಲೋಟದಲ್ಲಿ ಎರಡನ್ನೂ ಅಳೆಯಿರಿ. ಇದರ ಸಿಹಿ ಹಮ್ಮಿಂಗ್‌ಬರ್ಡ್‌ಗಳು ಹುಡುಕಿಕೊಂಡು ಹೋಗುವ ಹೂಗಳ ಮಕರಂದಕ್ಕೆ ಹತ್ತಿರವಾಗಿದೆ. ಹಕ್ಕಿ ಬರುತ್ತಿಲ್ಲ ಅಂತ ಸಕ್ಕರೆ ಜಾಸ್ತಿ ಮಾಡಿದರೆ ಪಾಕ ಮಂದವಾಗುತ್ತದೆ, ಅಂಟು ಹೆಚ್ಚುತ್ತದೆ, ಜೇನ್ನೊಣಗಳಿಗೆ ಹಬ್ಬ. ಬಿಸಿಲುಗಾಲದಲ್ಲಿ ಐದು ಅಳತೆ ನೀರು ಹಾಕಿದರೂ ನಡೆಯುತ್ತದೆ.

ಜೇನುತುಪ್ಪ ಬೇಡ. ನೀರು ಬೆರೆತ ಜೇನು ಬೇಗ ಹುದುಗುತ್ತದೆ, ಶಿಲೀಂಧ್ರ ಬೆಳೆಯುತ್ತದೆ. ಬೆಲ್ಲ, ಕಂದು ಸಕ್ಕರೆ ಬೇಡ. ಅವುಗಳಲ್ಲಿರುವ ಕಬ್ಬಿಣದ ಅಂಶ ಈ ಪುಟ್ಟ ದೇಹಗಳಿಗೆ ಒಳ್ಳೆಯದಲ್ಲ. ಪುಡಿ ಸಕ್ಕರೆಗೆ ಎಷ್ಟೋ ಕಡೆ ಗಂಟು ಕಟ್ಟದಿರಲೆಂದು ಪಿಷ್ಟ ಬೆರೆಸಿರುತ್ತಾರೆ, ಅದೂ ಬೇಡ. ಕೆಂಪು ಬಣ್ಣದ ಅಗತ್ಯವೇ ಇಲ್ಲ. ಫೀಡರ್‌ನ ತೂತಿನ ಸುತ್ತ ಕೆಂಪು ಇದ್ದರೆ ಸಾಕು.

ಸಕ್ಕರೆ ಬದಲು ಕೃತಕ ಸಿಹಿ ಹಾಕಿದರೆ ಬೂಷ್ಟು ಬರುವುದಿಲ್ಲವಲ್ಲ ಅನ್ನುವ ಜಾಣತನವೂ ಉಂಟು. 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ಹಮ್ಮಿಂಗ್‌ಬರ್ಡ್‌ಗಳು ಸಿಹಿಯನ್ನು ಗುರುತಿಸುವ ಬಗೆಯನ್ನು ತೋರಿಸಿಕೊಟ್ಟಿತು. ನಮ್ಮಲ್ಲಿ ಮಾಂಸ, ಅಣಬೆಯಂಥವುಗಳ ಉಮಾಮಿ ರುಚಿ ಹಿಡಿಯುವ ನಾಲಿಗೆಯ ಗ್ರಾಹಕ ಪ್ರೋಟೀನೇ ಅವುಗಳಲ್ಲಿ ಮಾರ್ಪಟ್ಟು ಸಕ್ಕರೆ ಹಿಡಿಯುತ್ತದೆ. ಆಸ್ಪರ್ಟೇಮ್ ಅನ್ನುವ ಕೃತಕ ಸಿಹಿ ಇಟ್ಟರೆ ಅವು ಮೂಸಿಯೂ ನೋಡುವುದಿಲ್ಲ ಅನ್ನುವಷ್ಟು ನಿರ್ಲಕ್ಷ್ಯ. ಇಷ್ಟಪಟ್ಟು ಕುಡಿದರೂ ಅಪಾಯವೇ. ಶಕ್ತಿಯಿಲ್ಲದ ಸಿಹಿಯಿಂದ ಹೊಟ್ಟೆ ತುಂಬಿಸಿಕೊಂಡ ಹಕ್ಕಿ ಉಪವಾಸ ಬೀಳುತ್ತದೆ.

ಇರುವೆ, ಜೇನ್ನೊಣ, ಕಣಜ

ಇರುವೆಗಳು ತೂಗುವ ತಂತಿಯಿಂದಲೇ ಇಳಿದು ಬರಬೇಕು, ಅವುಗಳಿಗೆ ಬೇರೆ ದಾರಿಯಿಲ್ಲ. ಆ ದಾರಿಯಲ್ಲಿ ನೀರು ತುಂಬಿದ ಸಣ್ಣ ಬಟ್ಟಲು ಇಟ್ಟರೆ ಮುಗಿಯಿತು. ಫೀಡರ್‌ನ ಮೇಲೆ ಸಿಕ್ಕಿಸುವ ಇಂಥ ಬಟ್ಟಲುಗಳು ಸಿಗುತ್ತವೆ. ಇಟ್ಟರೂ ಇರುವೆ ಬರುತ್ತಿದ್ದರೆ ಬಟ್ಟಲಿನ ನೀರು ಒಣಗಿದೆ, ಇಲ್ಲವೇ ಎಲೆಯೋ ರೆಂಬೆಯೋ ಫೀಡರ್‌ಗೆ ತಾಗುತ್ತಿದೆ. ತಂತಿಗೆ ಎಣ್ಣೆ, ಗ್ರೀಸ್ ಬಳಿಯಬೇಡಿ. ಪುಕ್ಕಕ್ಕೆ ಜಿಡ್ಡು ಹತ್ತಿದರೆ ಹಕ್ಕಿ ಅದನ್ನು ತೊಳೆದುಕೊಳ್ಳಲಾರದು. ಕೀಟನಾಶಕದ ಮಾತಂತೂ ಬೇಡವೇ ಬೇಡ. ಈ ಹಕ್ಕಿಗಳಿಗೆ ಪ್ರೋಟೀನ್ ಸಿಗುವುದೇ ಹುಳಗಳಿಂದ.

ಜೇನ್ನೊಣ, ಕಣಜ ಹಾರಿ ಬರುವುದರಿಂದ ಬಟ್ಟಲಿಗೆ ಹೆದರುವುದಿಲ್ಲ. ಅವು ಬಂದಿದ್ದರೆ ಮೊದಲು ಸೋರಿಕೆ ನೋಡಿ. ಹೊರಮೈಯಲ್ಲಿ ಅಂಟು ಇಲ್ಲದಿದ್ದರೆ ಅವುಗಳ ಆಸಕ್ತಿ ಅರ್ಧಕ್ಕೆ ಇಳಿಯುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ. ತಟ್ಟೆ ಮಾದರಿಯಲ್ಲಿ ಪಾಕದ ಮಟ್ಟ ತೂತಿನಿಂದ ಸ್ವಲ್ಪ ಕೆಳಗಿರುತ್ತದೆ. ಹಕ್ಕಿಯ ನಾಲಿಗೆಗೆ ಎಟುಕುತ್ತದೆ, ಜೇನ್ನೊಣಕ್ಕೆ ಎಟುಕುವುದಿಲ್ಲ. ಪ್ಲಾಸ್ಟಿಕ್ ಹೂವಿನ ಮಧ್ಯೆ ಹಳದಿ ಬಣ್ಣ ಇದ್ದರೆ ಅದನ್ನು ತೆಗೆಯಿರಿ ಅಥವಾ ಮರೆಮಾಡಿ, ಹಳದಿ ಅವುಗಳನ್ನು ಸೆಳೆಯುತ್ತದೆ. ಇಷ್ಟಾದರೂ ಬಿಡದಿದ್ದರೆ ಒಂದೆರಡು ದಿನ ಫೀಡರ್ ಇಳಿಸಿ, ಆಮೇಲೆ ಬೇರೆ ಜಾಗದಲ್ಲಿ ತೂಗುಹಾಕಿ.

ಸೂರ್ಯನ ಕುದುರೆ ಅಂತ ಕರೆಯುವ ಮ್ಯಾಂಟಿಸ್ ಹುಳ ಫೀಡರ್ ಮೇಲೆ ಕೂತಿದ್ದರೆ ಅದು ಪಾಕಕ್ಕೆ ಬಂದದ್ದಲ್ಲ. ದೊಡ್ಡ ಮ್ಯಾಂಟಿಸ್ ಹಮ್ಮಿಂಗ್‌ಬರ್ಡ್ ಅನ್ನೇ ಹಿಡಿದು ತಿನ್ನಬಲ್ಲದು. ಮೆಲ್ಲಗೆ ಎತ್ತಿ ದೂರದ ಗಿಡಕ್ಕೆ ಬಿಟ್ಟುಬನ್ನಿ.

ಹಕ್ಕಿ ಬಂದು ನೋಡಿ ಹೋಗುತ್ತದೆ, ಕುಡಿಯುವುದಿಲ್ಲ

ಹತ್ತಿರ ಬಂದು ವಾಪಸ್ಸಾಗುತ್ತಿದ್ದರೆ ಅದು ಒಳ್ಳೆಯ ಸುಳಿವು. ಜಾಗ ಸರಿಯಾಗಿದೆ, ಫೀಡರ್‌ನಲ್ಲಿ ಏನೋ ಅಡ್ಡಿ ಇದೆ.

ಸೂರಕ್ಕಿ ಆದರೆ ಕೂರುವ ಕಡ್ಡಿ ಇದೆಯೇ ನೋಡಿ. ಹಮ್ಮಿಂಗ್‌ಬರ್ಡ್ ಗಾಳಿಯಲ್ಲೇ ನಿಂತು ಕುಡಿಯುತ್ತದೆ. ಸೂರಕ್ಕಿ ಒಂದೆರಡು ಗಳಿಗೆ ಹಾಗೆ ನಿಲ್ಲಬಲ್ಲದಾದರೂ ಕೂತು ಕುಡಿಯುವುದೇ ಅದರ ಅಭ್ಯಾಸ. ಕಡ್ಡಿಯಿಲ್ಲದ ಹಮ್ಮಿಂಗ್‌ಬರ್ಡ್ ಫೀಡರ್ ತಂದು ಸೂರಕ್ಕಿಗೆ ಕಾಯುವವರು ಸುಮ್ಮನೆ ಕಾಯುತ್ತಾರೆ. ತೂತಿನ ಮುಂದೆ ಒಂದು ಸಣ್ಣ ರೆಂಬೆ ಕಟ್ಟಿದರೂ ಸಾಕು.

ಆಮೇಲೆ ತೂತುಗಳು. ಸಕ್ಕರೆ ಒಣಗಿ ಮುಚ್ಚಿಹೋಗಿರಬಹುದು, ಸತ್ತ ಇರುವೆ ಸಿಕ್ಕಿಕೊಂಡಿರಬಹುದು. ತಟ್ಟೆ ಮಾದರಿಯಲ್ಲಿ ಪಾಕ ತೀರಾ ತಳಕ್ಕೆ ಇಳಿದಿದ್ದರೆ ನಾಲಿಗೆಗೆ ಎಟುಕುವುದಿಲ್ಲ. ತಲೆಕೆಳಗಿನ ಬಾಟಲಿಯಲ್ಲಿ ಗಾಳಿ ಗುಳ್ಳೆ ಕತ್ತಿನಲ್ಲಿ ಸಿಕ್ಕಿ ಪಾಕ ತಳಕ್ಕೆ ಇಳಿದಿಲ್ಲದೆಯೂ ಇರಬಹುದು. ಮೆಲ್ಲಗೆ ತಟ್ಟಿ ನೋಡಿ.

ಹತ್ತಿರಕ್ಕೂ ಸುಳಿಯುವುದಿಲ್ಲ ಅಂದರೆ ಬೇರೆ ಲೆಕ್ಕ. ಹೊಸ ಫೀಡರ್ ಆದರೆ ವಾರಗಟ್ಟಲೆ ಹಿಡಿಯಬಹುದು. ಹೂಬಿಡುವ ಗಿಡದ ಪಕ್ಕ ಹಾಕಿದರೆ ಬೇಗ ಕಣ್ಣಿಗೆ ಬೀಳುತ್ತದೆ. ಸುತ್ತ ಬೆಕ್ಕು ಹೊಂಚು ಹಾಕುತ್ತಿದೆಯೇ ನೋಡಿ. ದಿನಾ ಬರುತ್ತಿದ್ದವು ಒಮ್ಮೆಲೇ ಕಡಿಮೆಯಾದರೆ ಅಕ್ಕಪಕ್ಕ ಹೂವು ಜೋರಾಗಿ ಅರಳಿರಬಹುದು, ಹೆಣ್ಣುಗಳು ಮೊಟ್ಟೆಗೆ ಕೂತಿರಬಹುದು, ವಲಸೆ ಶುರುವಾಗಿರಬಹುದು. ಅವಾಗ ಫೀಡರ್ ಬಿಚ್ಚಿ ರಿಪೇರಿ ಮಾಡುವುದಕ್ಕೆ ಏನೂ ಇಲ್ಲ. ಪಾಕ ಕಡಿಮೆ ಹಾಕಿ ಕಾಯಿರಿ. ಫೀಡರ್ ಇಳಿಸದಿದ್ದರೆ ವಲಸೆ ಹೋಗದೆ ಉಳಿದುಬಿಡುತ್ತವೆ ಅನ್ನುವ ಭಯವೂ ಬೇಡ. ಹಗಲಿನ ಉದ್ದ ಬದಲಾಗುವುದೇ ಅವಕ್ಕೆ ಹೊರಡುವ ಸೂಚನೆ.

ಒಂದೇ ಗಂಡು ಕಾವಲು ಕೂತು ಉಳಿದವನ್ನೆಲ್ಲ ಅಟ್ಟುತ್ತಿದ್ದರೆ ಎರಡನೆಯ ಫೀಡರ್ ಬೇಕು. ಆದರೆ ಮೊದಲನೆಯದರಿಂದ ಕಾಣದ ಕಡೆ, ಮನೆಯ ಇನ್ನೊಂದು ಮಗ್ಗುಲಿಗೆ.

ಕಿಟಕಿಗೆ ಡಿಕ್ಕಿ, ಚಳಿ, ಕಾಯಿಲೆ

ಹಕ್ಕಿ ಗಾಜಿಗೆ ಬಡಿಯುತ್ತಿದ್ದರೆ ಫೀಡರ್ ಅನ್ನು ಕಿಟಕಿಯಿಂದ ಒಂದು ಮೀಟರ್‌ಗಿಂತ ಹತ್ತಿರಕ್ಕೆ ತನ್ನಿ, ಇಲ್ಲವೇ ಹತ್ತು ಮೀಟರ್ ದೂರ ಒಯ್ಯಿರಿ. ಹತ್ತಿರವಿದ್ದರೆ ವೇಗ ಹಿಡಿಯುವುದಕ್ಕೆ ಜಾಗವಿರುವುದಿಲ್ಲ. ನಡುವಿನ ದೂರವೇ ಅಪಾಯ. ಗಾಜಿನ ಹೊರಮೈಗೆ ಒತ್ತೊತ್ತಾಗಿ ಗುರುತು ಅಂಟಿಸಿದರೆ ಇನ್ನೂ ಒಳ್ಳೆಯದು.

ಸಕ್ಕರೆ ಇರುವುದರಿಂದ ಪಾಕ ಸೊನ್ನೆ ಡಿಗ್ರಿಗಿಂತ ಸ್ವಲ್ಪ ಕೆಳಗೆ ಹೋದ ಮೇಲೆ ಹೆಪ್ಪುಗಟ್ಟುತ್ತದೆ, ಅಷ್ಟೇ ವ್ಯತ್ಯಾಸ. ಹೆಪ್ಪುಗಟ್ಟಬಾರದು ಅಂತ ಸಕ್ಕರೆ ಸುರಿಯುವುದರ ಬದಲು ಎರಡು ಫೀಡರ್ ಇಟ್ಟುಕೊಂಡು ಒಂದನ್ನು ಒಳಗೆ, ಒಂದನ್ನು ಹೊರಗೆ ಅದಲುಬದಲು ಮಾಡಿ.

ಪುಕ್ಕ ಉಬ್ಬಿಸಿಕೊಂಡು ಹಗಲಲ್ಲೇ ತೂಕಡಿಸುವ, ನಾಲಿಗೆ ಊದಿ ಒಳಗೆ ಎಳೆದುಕೊಳ್ಳಲಾಗದ ಹಕ್ಕಿ ಕಂಡರೆ ಅದೇ ದಿನ ಎಲ್ಲ ಫೀಡರ್‌ಗಳನ್ನೂ ಇಳಿಸಿ. ಒಂದೇ ತೂತಿಗೆ ಹತ್ತಾರು ಕೊಕ್ಕು ಬೀಳುವಾಗ ಕಾಯಿಲೆ ಹರಡುವುದಕ್ಕೆ ತಡವಿಲ್ಲ. ಬ್ಲೀಚ್ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ಎರಡು ವಾರ ಫೀಡರ್ ಒಳಗೇ ಇರಲಿ. ಹಕ್ಕಿಗಳು ಉಪವಾಸ ಬೀಳುವುದಿಲ್ಲ, ಹೂವು ಮತ್ತು ಹುಳ ಹುಡುಕಿಕೊಂಡು ಚದುರಿಹೋಗುತ್ತವೆ. ಅವು ಚದುರುವುದೇ ಆಗ ಬೇಕಾದದ್ದು. ಮೈಯಲ್ಲಿ ಶಕ್ತಿಯಿಲ್ಲದೆ ನೆಲಕ್ಕೆ ಬಿದ್ದ ಹಕ್ಕಿ ಸಿಕ್ಕಿದರೆ ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಕಾಡುಪ್ರಾಣಿಗಳ ಆರೈಕೆ ಮಾಡುವವರಿಗೆ ಫೋನ್ ಮಾಡಿ, ಅವರು ಹೇಳುವ ತನಕ ಬಾಯಿಗೆ ಬಲವಂತವಾಗಿ ಏನನ್ನೂ ಹಾಕಬೇಡಿ.